ತಂತಿಯಲ್ಲಿ ಬಂದ ‘ಸೀರಿಯಸ್’

ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ತಂತಿಯಲ್ಲಿ ‘ಸೀರಿಯಸ್’ ಅಂತ ಬಂದರೆ ಸತ್ತರು ಅಂತಲೇ ಲೆಕ್ಕ. ದೂರದಲ್ಲಿರುವ ಮಕ್ಕಳ ಎದೆ ಒಡೆಯಬಾರದೆಂದು ಯಾರೂ ಸಾವನ್ನು ಸಾವೆಂದು ಬರೆಯುತ್ತಿರಲಿಲ್ಲ. ನಮ್ಮ ಸೋದರಮಾವ ತೀರಿಕೊಂಡಾಗಲೂ ಹಾಗೇ ಬಂದಿತ್ತು.

ನಾನಾಗ ಹಿರಿಯೂರಿನಲ್ಲಿ ಟೀಚರಾಗಿದ್ದೆ. ಒಂದು ಬೆಳಿಗ್ಗೆ ಎಂಟಕ್ಕೆಲ್ಲ ಬಾಗಿಲಿಗೆ ತಂತಿ ಬಂತು. ‘ಮದರ್ ಸೀರಿಯಸ್. ಸ್ಟಾರ್ಟ್ ಇಮ್ಮಿಡಿಯಟ್ಲಿ.’ ಶ್ರೀರಾಂಪುರದಿಂದ ಅಣ್ಣ ಕೊಟ್ಟದ್ದು. “ಅವ್ವ ಸೀರಿಯಸ್ಸಂತೆ!” ಎಂದು ಅಲ್ಲೇ ಕುಸಿದು ಕೂತೆ. ಪಕ್ಕದ ಮನೆಯ ಅಜ್ಜಿ ಓಡಿಬಂದು ತಲೆ ಸವರಿತು.

“ಅತ್ತುಬಿಡು ನನ್ನವ್ವ. ಮಗಳಾದೋಳು ಬರಿಗೈಲಿ ಹೋಗಬಾರ್ದು. ಹೊದಿಸಾಕೆ ಸೀರೆ, ಒಂದು ಹಾರ ತಗಂಡೇ ಹೋಗು.”

ಒಂಬತ್ತಕ್ಕೆ ಹೊಸದುರ್ಗದ ಬಸ್ಸಿತ್ತು. ಜವಳಿ ಅಂಗಡಿ ತೆಗೆಯುವುದು ಹತ್ತಕ್ಕೆ. ಸತ್ತವಳಿಗೆ ಅವಸರವೇನು ಅಂತು ನನ್ನ ದರಿದ್ರ ಬುದ್ಧಿ. ಬಸ್ಸು ಬಿಟ್ಟೆ.

ಸುಮ್ಮನೆ ಕೂರಲಾಗದೆ ಟ್ರಂಕಿನಲ್ಲಿದ್ದ ಇಂಗ್ಲಿಷ್ ನಿಘಂಟು ತೆಗೆದೆ. ‘ಸೀರಿಯಸ್’ ಲ್ಯಾಟಿನ್ನಿನಿಂದ ಬಂದ ಪದವಂತೆ. ಗಂಭೀರವಾದದ್ದು, ಹಗುರವಾಗಿ ಕಾಣಬಾರದ್ದು ಅಂತಿತ್ತು. ಸಾವು ಅಂತ ಎಲ್ಲೂ ಇರಲಿಲ್ಲ. ನಿಘಂಟು ಹಿಡಿದೇ ಪಕ್ಕದ ಮನೆಗೆ ಓಡಿದೆ.

“ಅಜ್ಜಿ, ಅವ್ವನ ಜೀವ ಇದ್ರೆ?”

“ಅಯ್ಯೋ ಹುಚ್ಚಿ, ಬುಕ್ಕು ಬರೆದೋರಿಗೆ ನಮ್ಮ ತಂತಿ ಏನು ಗೊತ್ತೈತೆ?”

ಕಲಿತವಳು ನಾನು, ಅಜ್ಜಿಯ ಮಾತನ್ನೇ ನಂಬಿದೆ.

ಸೀರೆ, ಹಾರ ಕೊಂಡು ಹನ್ನೊಂದರ ಬಸ್ಸು ಹತ್ತಿದೆ. ಹಾಳು ಬಸ್ಸು ಕಂಡ ಕಂಡಲ್ಲಿ ನಿಂತಿತು. ನಿಂತಾಗೆಲ್ಲ ನಿಘಂಟಿನ ಮಾತು ಕುಟುಕುತ್ತಿತ್ತು. ಇದ್ದರೆ ಒಂದು ಮಾತಾದರೂ ಆಡಬಹುದಲ್ಲ, ದೇವರೇ! ಹೊಸದುರ್ಗದಲ್ಲಿ ಶ್ರೀರಾಂಪುರದ ಬಸ್ಸಿಗೆ ಮುಕ್ಕಾಲು ಗಂಟೆ ಕಾಯಬೇಕಾಯಿತು. ಕಂಡಕ್ಟರನ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಮನೆ ಮುಂದೆ ಜನ ಸೇರಿರಲಿಲ್ಲ. ಅಳುವೂ ಕೇಳಲಿಲ್ಲ. ಕೈಯಲ್ಲಿ ಹಾರ ಹಿಡಿದುಕೊಂಡೇ ಒಳಗೆ ಓಡಿದೆ. ಅವ್ವ ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಉಸಿರಾಡುತ್ತಿದ್ದಳು.

“ಅವ್ವಾ!”

ತುಟಿ ಅಲುಗಿತು. ದನಿ ಹೊರಡಲಿಲ್ಲ.

“ಬೆಳಿಗ್ಗೆಯಿಂದ ನಿನ್ನೇ ಕೇಳ್ತಿದ್ಲು,” ಅಂದ ಅಣ್ಣ. “ಒಂದು ಗಂಟೆಗೆ ಮಾತು ನಿಂತೋಯ್ತು. ಒಂಬತ್ತರ ಬಸ್ಸಿಗೆ ಯಾಕೆ ಬರ್ಲಿಲ್ಲೇ?”

ಹಾರವನ್ನು ಸರಕ್ಕನೆ ಬೆನ್ನ ಹಿಂದಕ್ಕೆ ಸರಿಸಿದೆ. ಅವ್ವ ಆಗಲೇ ನೋಡಿಬಿಟ್ಟಿದ್ದಳು.