ಅಬ್ಲಾ ಇನ್ಸಾಫರ ವ್ಯಾನಿಗೆ ಉಸ್ತಾ ಹಾಕಿದ ಬೀಗ

ಬೆಳಗಿನ ಆರೂಕಾಲು. ಕೈರೋದ ಶುಬ್ರಾ ಗಲ್ಲಿಯಲ್ಲಿ ಫೂಲ್ ಎಂಬ ಬೇಯಿಸಿದ ಕಾಳು ಮಾರುವ ಗಾಡಿಯ ಹಂಡೆಯಿಂದ ಆವಿ ಏಳುತ್ತಿದೆ. ಪಕ್ಕದಲ್ಲಿ ನಿಂತ ಬಿಳಿ ವ್ಯಾನಿನ ಬಾಗಿಲಿನಿಂದ ಎರಡು ಕಾಲುಗಳು ಹೊರಗೆ ಚಾಚಿವೆ. ಒಂದರಲ್ಲಿ ಚಪ್ಪಲಿ ಇದೆ, ಇನ್ನೊಂದರದು ಓಡಿ ಬರುವ ದಾರಿಯಲ್ಲೇ ಉಳಿದಿದೆ. ಕಾಲುಗಳ ಒಡೆಯರು ಉಸ್ತಾ, ಅಂದರೆ ಮೇಸ್ತ್ರಿ, ಶಹಾತ, ಅರವತ್ತೆರಡು ವರ್ಷದ ಕಾರ್ ಎಲೆಕ್ಟ್ರಿಷಿಯನ್. ಅವರ ತಲೆ ಸ್ಟೇರಿಂಗ್ ಕೆಳಗಿದೆ, ಬಾಯಲ್ಲಿ ಟಾರ್ಚ್ ಇದೆ. ಹಿಂದಿನ ಸೀಟುಗಳಲ್ಲಿ ಹನ್ನೊಂದು ಶಾಲಾ ಮಕ್ಕಳು ತಮ್ಮ ಟಿಫಿನ್ ಡಬ್ಬಿ ಬಾರಿಸುತ್ತ ಕೂತಿದ್ದಾರೆ.

"ಉಸ್ತಾ, ನಿನ್ ಮನೆ ಹಾಳಾಗ! ಇದು ಕಳ್ಳನಿಗೆ ಹಾಕಿದ ಬೀಗಾನೋ, ನಂಗೆ ಹಾಕಿದ್ದೋ?" ಎಂದು ಕೂಗುತ್ತಿರುವವರು ವ್ಯಾನಿನ ಒಡತಿ ಇನ್ಸಾಫ್. ಮಕ್ಕಳಿಗೂ ಗಲ್ಲಿಗೂ ಅವರು ಅಬ್ಲಾ, ಅಂದರೆ ಅಕ್ಕ.

ಶಹಾತ ಟಾರ್ಚು ಉಗುಳಿ ಕೇಳುತ್ತಾರೆ: "ಬಿಲ್ಲೆ ಎಲ್ಲಿ ಅಬ್ಲಾ?"

"ಬ್ಯಾಗಲ್ಲಿದೆ."

"ಬ್ಯಾಗ್ ಎಲ್ಲಿ?"

"ಇದೇ ಅಲ್ವಾ... ಅಯ್ಯೋ ದೇವ್ರೇ, ಇದು ಮದುವೆಗೆ ತಗೊಂಡ್ಹೋಗೋ ಬ್ಯಾಗು!"

ಬಿಲ್ಲೆಯೆಂದರೆ ಅಂಗಿ ಗುಂಡಿಯಷ್ಟು ಚಿಕ್ಕ ವಸ್ತು. ಅದು ಹತ್ತಿರ ಇಲ್ಲದಿದ್ದರೆ ಎಂಜಿನ್ನಿಗೆ ಜೀವ ಬರುವುದಿಲ್ಲ. ಬಿಲ್ಲೆ ನಾಲ್ಕನೇ ಮಹಡಿಯಲ್ಲಿದೆ. ಲಿಫ್ಟು ಕೆಟ್ಟು ಆರು ತಿಂಗಳಾಗಿದೆ. ಅಬ್ಲಾರ ಮಂಡಿ ಕೆಟ್ಟು ಆರು ವರ್ಷವಾಗಿದೆ. ಉಸ್ತಾ ಒಂದೇ ಚಪ್ಪಲಿಯಲ್ಲಿ ಮೆಟ್ಟಿಲು ಹತ್ತುತ್ತಾರೆ.

ಎಲೆಮರೆಯ ಕಾಯಿ ಅನ್ನುತ್ತೇವಲ್ಲ, ಶಹಾತ ಡ್ಯಾಶ್‌ಬೋರ್ಡ್ ಮರೆಯ ಕಾಯಿ. ಮೂವತ್ತೆಂಟು ವರ್ಷದಿಂದ ಅವರದು ಒಂದೇ ಕಸುಬು. ಕಂಪನಿಯವರು ಕೊಡದ ಬೀಗವನ್ನು ಹಳೆಯ ಗಾಡಿಗಳಿಗೆ ಕೂರಿಸುವುದು. ಪುಸ್ತಕದಲ್ಲಿ ಅದಕ್ಕೆ ಇಮ್ಮೊಬಿಲೈಸರ್ ಎನ್ನುತ್ತಾರಂತೆ, ಗಲ್ಲಿಯಲ್ಲಿ ಗುಟ್ಟಿನ ಸ್ವಿಚ್ಚು. ಕೀ ತಿರುಗಿಸಿದರೆ ಗಾಡಿ ಕೆಮ್ಮುತ್ತದೆ, ಆದರೆ ಪೆಟ್ರೋಲ್ ಪಂಪಿಗೆ ಕರೆಂಟ್ ಹೋಗದೆ ಅಲ್ಲೇ ನಿಲ್ಲುತ್ತದೆ. ತಿಂಗಳಿಗೆ ಇಪ್ಪತ್ತು ಗಾಡಿಗೆ ಹಾಕಿದರೆ, ಆರು ಗಾಡಿ ಕಿತ್ತುಹಾಕಿಸಿಕೊಳ್ಳಲು ವಾಪಸ್ ಬರುತ್ತವೆ. ಬೆಳಗ್ಗೆ ಏಳರೊಳಗೆ ನಾಲ್ಕು ಫೋನು ಬರುತ್ತವೆ. ಅದರಲ್ಲಿ ಮೂರರಲ್ಲಿ ಏನೂ ಕೆಟ್ಟಿರುವುದಿಲ್ಲ, ಯಜಮಾನನಿಗೆ ಸ್ವಿಚ್ಚು ಎಲ್ಲಿದೆ ಎಂಬುದೇ ಮರೆತಿರುತ್ತದೆ.

"'ಗುಟ್ಟು ಅಂದ್ರೆ ನಂಗೂ ಗೊತ್ತಿರಬಾರದು ಅಂತಲೇನೋ ಉಸ್ತಾ' ಅಂತಾರೆ," ಎಂದು ಪೇಪರಿನವರಾದ ನಮ್ಮ ಮುಂದೆ ಶಹಾತ ನಗುತ್ತಾರೆ. ಸೊಂಟ ಹಿಡಿದುಕೊಂಡೇ ನಗಬೇಕು, ಡ್ಯಾಶ್‌ಬೋರ್ಡ್ ಕೆಳಗೆ ಮಲಗಿ ಮಲಗಿ ಅದು ನೆಟ್ಟಗಾಗುವುದನ್ನೇ ಮರೆತಿದೆ. ಸಾಲದ್ದಕ್ಕೆ, ಯಾವ ಗಾಡಿ ಕಳುವಾದರೂ ಪೊಲೀಸರು ಮೊದಲು ಬರುವುದು ಇವರ ಅಂಗಡಿಗೇ. "ಬೀಗ ಹಾಕಿದೋನಿಗೇ ತೆಗೆಯೋಕೆ ಗೊತ್ತು ಅಂತಾರೆ. ಸರಿ ಅನ್ನಿ, ಗೊತ್ತು. ಅದಕ್ಕೇ ನಾನು ಹೆಂಡ್ತಿಗೂ ಬಾಯಿ ಬಿಡಲ್ಲ."

ಇನ್ಸಾಫ್ ಶಹಾತರ ಬಳಿ ಬಂದದ್ದು ಹೆದರಿ. ಈ ಗಲ್ಲಿಯಿಂದ ಒಂದೇ ವಾರದಲ್ಲಿ ಎರಡು ವ್ಯಾನು ಮಾಯವಾಗಿದ್ದವು. ಗಂಡ ತೀರಿಕೊಂಡ ಮೇಲೆ ಅವರ ಒಲೆ ಉರಿಯುವುದು ಆ ಬಿಳಿ ವ್ಯಾನಿನಿಂದಲೇ. ಶಹಾತ ಸೀಟಿನಡಿಯಲ್ಲಿ, ಕಾರ್ಪೆಟ್ ಮರೆಯಲ್ಲಿ ಸ್ವಿಚ್ಚು ಕೂರಿಸಿಕೊಟ್ಟರು. ಕಳ್ಳನ ಕೈಗೆ ಸಿಗಲಿಲ್ಲ ನಿಜ. ಆದರೆ ಅದನ್ನು ಒತ್ತಲು ಅಬ್ಲಾರ ಮಂಡಿಯೂ ಬಗ್ಗಲಿಲ್ಲ. ಅವರು ಅಡುಗೆಮನೆಯಿಂದ ಉದ್ದನೆಯ ಸೌಟು ತಂದು ಅದರಿಂದ ಸ್ವಿಚ್ಚು ತಿವಿಯತೊಡಗಿದರು.

ವ್ಯಾನಿನಲ್ಲಿ ಸೌಟು ಕಂಡರೆ ಯಾರು ಸುಮ್ಮನಿರುತ್ತಾರೆ? ಗಲ್ಲಿಯ ಗಾಡಿಗಳನ್ನು ಹಿಂದೆ ಮುಂದೆ ಮಾಡಿ ಜಾಗ ಹೊಂದಿಸುವ ಸಾಯಿಸ್ ಬಯ್ಯೂಮಿ ಕೇಳಿದರು. ಮಧ್ಯಾಹ್ನ ಕೀ ಪಡೆದು ವ್ಯಾನು ಸರಿಸುವವರು ಅವರೇ ತಾನೆ, ಅಬ್ಲಾ ಹೇಳಿಬಿಟ್ಟರು. ತಾನಿಲ್ಲದಾಗ ಬೇಕಾಗುತ್ತದೆಂದು ಬಯ್ಯೂಮಿ ಚಹಾ ಅಂಗಡಿಯವನ ಕಿವಿಗೆ ಹಾಕಿದರು. ಗುರುವಾರದ ಹೊತ್ತಿಗೆ ಚಹಾದವನೇ ಶಹಾತರನ್ನು ತಡೆದು, "ಉಸ್ತಾ, ಅಬ್ಲಾ ಸ್ವಿಚ್ಚು ಸ್ವಲ್ಪ ಸಡಿಲ ಆಗಿದೆ, ನೋಡ್ರಿ," ಎಂದ. ಶಹಾತ ತಲೆ ತಲೆ ಚಚ್ಚಿಕೊಂಡು ಸ್ವಿಚ್ಚಿನ ಬದಲು ಬಿಲ್ಲೆ ಹಾಕಿಕೊಟ್ಟರು. ಅಬ್ಲಾ ಅದನ್ನು ಮರೆಯದಿರಲೆಂದು ವ್ಯಾನಿನ ಕನ್ನಡಿಗೇ, ದೃಷ್ಟಿಮಣಿಯ ಜೊತೆ ನೇತುಹಾಕಿದರು. ಬಾಗಿಲಿಗೆ ಬೀಗ ಹಾಕಿ ಕೀಯನ್ನು ಅಲ್ಲೇ ಬಿಟ್ಟಂತಾಯಿತು. ಬೈಸಿಕೊಂಡ ಮೇಲೆ ಬಿಲ್ಲೆ ಬ್ಯಾಗಿಗೆ ಹೋಯಿತು, ಬ್ಯಾಗು ಬದಲಾಯಿತು. ಮುಂದಿನದು ಆಗಲೇ ಹೇಳಿದ ಕತೆ.

ಮಕ್ಕಳಿಗೆ ಶಾಲೆಗೆ ತಡವಾಗುತ್ತಿರುವುದು ಇದು ಎರಡನೇ ಸಲ. ಮೂರನೇ ಸಲವಾದರೆ ಬೇರೆ ವ್ಯಾನು ಗೊತ್ತುಮಾಡುತ್ತೇನೆ ಎಂದು ಮುಖ್ಯೋಪಾಧ್ಯಾಯಿನಿ ಹೇಳಿಬಿಟ್ಟಿದ್ದಾರೆ. ಶಾಲೆಯಿಂದ ವಾಪಸಾದ ಅಬ್ಲಾ ನೇರ ಶಹಾತರ ಅಂಗಡಿ ಮುಂದೆ ಬ್ರೇಕ್ ಒತ್ತುತ್ತಾರೆ.

"ಕಿತ್ತು ಬಿಸಾಕು ಇದನ್ನ!"

"ಕಿತ್ತರೆ ಗಾಡಿ ಹೋಗುತ್ತೆ ಅಬ್ಲಾ."

"ಇಟ್ಟರೆ ಕೆಲಸ ಹೋಗುತ್ತೆ. ಎರಡರಲ್ಲಿ ಯಾವುದು ಹೋಗ್ಲಿ, ನೀನೇ ಹೇಳು?"

ಆ ಹೊತ್ತಿನಲ್ಲಿ ಶಹಾತರ ಮುಖ ನೋಡಿದವರಿಗೆ ಪಾಪ ಅನಿಸದೆ ಇರದು. ಒಂದು ದಿನ ಟೈಮ್ ಕೊಡಿ ಎನ್ನುತ್ತಾರೆ. ಮರುದಿನ ವೈರು ನೋಡುವ ನೆಪದಲ್ಲಿ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು, ಇಡೀ ಸುತ್ತು ಅಬ್ಲಾರ ಕೈಯನ್ನೇ ನೋಡುತ್ತಾರೆ. ಅಬ್ಲಾ ಬಿಸ್ಮಿಲ್ಲಾ ಹೇಳುತ್ತಾರೆ. ಮಣಿ ಮುಟ್ಟುತ್ತಾರೆ. ಕೀ ಅರ್ಧ ತಿರುಗಿಸಿ, ಪೀಂ ಪೀಂ ಎಂದು ಎರಡು ಸಲ ಹಾರ್ನ್ ಹೊಡೆಯುತ್ತಾರೆ. ಆಮೇಲಷ್ಟೇ ಸ್ಟಾರ್ಟು. ಪ್ರತಿ ಮನೆಯ ಮುಂದೂ ಹಾಗೇ. ಕರೆಯಲು ಯಾರೂ ಇಲ್ಲದ ಖಾಲಿ ಬೀದಿಯಲ್ಲೂ ಹಾಗೇ.

ಅಂದು ಮಧ್ಯಾಹ್ನ ವ್ಯಾನು ಅಂಗಡಿಯಲ್ಲಿ ಮೂರು ಗಂಟೆ ನಿಲ್ಲುತ್ತದೆ. "ಸ್ವಿಚ್ಚೂ ಇಲ್ಲ, ಬಿಲ್ಲೆನೂ ಇಲ್ಲ. ಹಾಯಾಗಿ ಹೋಗಿ," ಎಂದು ಶಹಾತ ಕೀ ಕೊಡುತ್ತಾರೆ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಪಂಪಿನ ವೈರನ್ನು ಹಾರ್ನಿಗೆ ಜೋಡಿಸಿದ್ದೇನೆ, ಕೀ ಅರ್ಧ ತಿರುಗಿಸಿ ಎರಡು ಸಲ ಹಾರ್ನ್ ಹೊಡೆಯದಿದ್ದರೆ ಎಂಜಿನ್ ಏಳುವುದಿಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ.

"ಈ ಊರಲ್ಲಿ ಹಾರ್ನ್ ಇಲ್ಲದೆ ಯಾರ್ರೀ ಗಾಡಿ ತೆಗೀತಾರೆ? ಬಯ್ಯೂಮಿನೂ ಅಷ್ಟೇ, ಬೆಕ್ಕು ಅಡ್ಡ ಬಂದ್ರೂ ಹೊಡೀತಾರೆ, ಬರದಿದ್ರೂ ಹೊಡೀತಾರೆ. ಹೊಡೆಯದೋನು ಒಬ್ಬನೇ, ಕಳ್ಳ." ಇಷ್ಟು ನಮಗೆ ಹೇಳಿದ ಮೇಲೆ ಶಹಾತರಿಗೆ ಗಾಬರಿಯಾಗುತ್ತದೆ. "ನಿಮ್ಮ ಪೇಪರು ಯಾವ ಭಾಷೇಲಿ ಬರುತ್ತೆ?"

ಕನ್ನಡ ಎಂಬ ಉತ್ತರ ಬಂದರೂ ಮತ್ತೊಮ್ಮೆ ಖಚಿತಪಡಿಸಿಕೊಳ್ಳುತ್ತಾರೆ. "ಅಬ್ಲಾಗೆ ಬರಲ್ಲ ತಾನೆ? ಹಾಗಾದ್ರೆ ಬರ್ಕೊಳ್ಳಿ."

ಬೀಗ ಕಿತ್ತುಹಾಕಿಸಿದೆ ಎಂದು ಅಬ್ಲಾ ಎಲ್ಲರಿಗೂ ಸಾರುತ್ತಾರೆ. ಬಯ್ಯೂಮಿಯಿಂದ ಚಹಾದವನಿಗೆ, ಅಲ್ಲಿಂದ ಊರಿಗೆ. ತಲುಪಬೇಕಾದವನಿಗೂ ಸುದ್ದಿ ತಲುಪಿರಬೇಕು.

ಮೂರು ವಾರದ ನಂತರ ಒಂದು ಮಂಗಳವಾರ, ಆರು ಗಂಟೆಗೆ ಬಯ್ಯೂಮಿಯ ಬೊಬ್ಬೆ. ವ್ಯಾನು ಜಾಗದಲ್ಲಿಲ್ಲ! ಅಬ್ಲಾ ಒಂದೊಂದೇ ಮೆಟ್ಟಿಲು ಇಳಿದು ಬರುತ್ತಾರೆ. "ಮುಗೀತು, ನನ್ನ ಅನ್ನ ಹೋಯ್ತು," ಎಂದು ಅಳುತ್ತಾರೆ. ನೋಡಿದರೆ ವ್ಯಾನು ಗಲ್ಲಿಯ ತಿರುವಿನಲ್ಲಿ ನಿಂತಿದೆ. ರಾತ್ರಿ ಕೀ ಇಲ್ಲದಾಗ ಬಯ್ಯೂಮಿ ತಳ್ಳಲು ಅನುಕೂಲವಾಗಲಿ ಎಂದು ಇಲ್ಲಿ ಎಲ್ಲರೂ ಗಾಡಿಯನ್ನು ನ್ಯೂಟ್ರಲ್‌ನಲ್ಲೇ ಬಿಡುತ್ತಾರೆ, ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ಕಳ್ಳನೂ ಹಾಗೇ ಸದ್ದಿಲ್ಲದೆ ಅಲ್ಲಿವರೆಗೆ ತಳ್ಳಿದ್ದಾನೆ. ಒಳಗೆ ಅವನ ಉಜ್ಜಿದ ಕಳ್ಳ ಕೀ ಸ್ಟೇರಿಂಗ್ ಪಕ್ಕದಲ್ಲೇ ನೇತಾಡುತ್ತಿದೆ. ತಿರುಗಿಸಿ ತಿರುಗಿಸಿ ಬೇಸತ್ತು ಹೋಗಿದ್ದಾನೆ.

ಕಣ್ಣೊರೆಸಿಕೊಂಡು ಅಬ್ಲಾ ಹತ್ತಿ ಕೂರುತ್ತಾರೆ. ಸಿಟ್ಟಿನಲ್ಲಿ ಅದೇ ಕಳ್ಳ ಕೀಯನ್ನು ಅರ್ಧ ತಿರುಗಿಸಿ, ದಾರಿ ಬಿಡದ ಬಯ್ಯೂಮಿಗೆ ಪೀಂ ಪೀಂ. ವ್ಯಾನು ಗುಟುರು ಹಾಕಿ ಏಳುತ್ತದೆ.

"ಅಲ್ರೋ, ಕಳ್ಳನ ಕೀಲೇ ಸ್ಟಾರ್ಟ್ ಆಯ್ತಲ್ಲ! ಅವನಿಗೆ ಯಾಕೆ ಆಗ್ಲಿಲ್ಲ?"

ಗಲ್ಲಿ ಕೂತು ಚರ್ಚಿಸಿ ತೀರ್ಪು ಕೊಡುತ್ತದೆ: ದೃಷ್ಟಿಮಣಿ ಕಾಪಾಡಿತು. ಮಕ್ಕಳು ಏಳೂ ಹತ್ತಕ್ಕೆ ಶಾಲೆಯಲ್ಲಿದ್ದಾರೆ, ಬೆಲ್ಲಿಗೆ ಇನ್ನೂ ಐದು ನಿಮಿಷ ಇದೆ. ವಾಪಸು ಬಂದ ಅಬ್ಲಾ ಶಹಾತರ ಅಂಗಡಿ ಮುಂದೆ ಗಾಜು ಇಳಿಸುತ್ತಾರೆ. "ನೋಡಿದ್ಯಾ ಉಸ್ತಾ? ನಿನ್ನ ಯಂತ್ರ ಕಿತ್ತಾಕಿಸಿದ ಮೇಲೇ ನನ್ನ ಗಾಡಿ ಉಳೀತು. ನೀನೂ ಒಂದು ಮಣಿ ತಗೊಂಡು ಅಂಗಡಿಗೆ ಕಟ್ಟು!"

"ಕಟ್ತೀನಿ ಅಬ್ಲಾ," ಎಂದು ಶಹಾತ ಚಹಾ ಹೀರುತ್ತಾರೆ.

ವ್ಯಾನು ಹೋದ ಮೇಲೆ ಮೆಲ್ಲಗೆ ಹೇಳುತ್ತಾರೆ: "ಸ್ಟಾರ್ಟ್ ಆಗದಿದ್ರೆ ನಂಗೆ ಬೈಗುಳ. ಕಳುವಾಗದ ಗಾಡಿ ನೋಡಿ ಭೇಷ್ ಶಹಾತ ಅಂದೋರನ್ನ ನಾನಂತೂ ಕಂಡಿಲ್ಲ. ಇರ್ಲಿ ಬಿಡಿ, ಗಾಡಿ ಇದೆಯಲ್ಲ."

ಏನಾದರೂ ಆಸೆ ಇದೆಯೇ ಎಂದರೆ ಅವರು ಲೋಟ ಕೆಳಗಿಟ್ಟು ಎರಡೂ ಕೈ ಮೇಲೆತ್ತುತ್ತಾರೆ.

"ಒಂದೇ ಒಂದು. ಆ ಹೆಂಗಸಿಗೆ ದೇವರು ಯಾವತ್ತೂ ಹಾರ್ನ್ ಬಿಡೋವಷ್ಟು ತಾಳ್ಮೆ ಕೊಡದೇ ಇರ್ಲಿ."