ಅರವತ್ತೆರಡು ಉಸಿರು

ವಿಜಯಪುರದ ಜೋರಾಪುರ ಪೇಟೆಯಲ್ಲಿ ನಾನು ಬಾಡಿಗೆಗಿರುವ ಮಹಡಿಯ ಕೆಳಗಿನ ಮನೆಗೆ ಹೋದ ತಿಂಗಳು ಬಾಣಂತಿ ಬಂದಿದ್ದಾಳೆ. ಬೆಳಿಗ್ಗೆ ಕೂಸಿಗೆ ಎರೆದ ಮೇಲೆ ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಹೊಗೆ ಹಾಕುತ್ತಾರೆ. ಆ ವಾಸನೆ ಮೆಟ್ಟಿಲು ಹತ್ತಿ ನನ್ನ ಕೋಣೆಗೂ ಬರುತ್ತದೆ. ಮೊದಲ ದಿನ ಅದು ಬಂದಾಗ ಹಲ್ಲುಜ್ಜುತ್ತಿದ್ದೆ. ನಲ್ಲಿ ಬಂದ್ ಮಾಡುವುದನ್ನೂ ಮರೆತು ನಿಂತುಬಿಟ್ಟೆ. ಕೆಲವು ವರ್ಷಗಳ ಹಿಂದೆ ಇನ್ನೊಂದು ಕೂಸಿನ ಅಂಗಿಯಲ್ಲಿ ಇದೇ ವಾಸನೆ ಇತ್ತು. ಅಂದು ಸಂಜೆಯವರೆಗೆ ನರ್ಸಬಾಯಿಯವರ ಸೆರಗಿನಲ್ಲೂ ಇದೇ ಇತ್ತು...

ನರ್ಸಬಾಯಿ ಎಂದರೆ ಬಬಲೇಶ್ವರದಿಂದ ಜೈನಾಪುರದ ಕಡೆಗಿದ್ದ ಒಂದು ಸಣ್ಣ ಹಳ್ಳಿಯ ಆರೋಗ್ಯ ಉಪಕೇಂದ್ರದ ನರ್ಸು. ಊರವರು ಬೆನ್ನ ಹಿಂದೆ ‘ನರ್ಸಬಾಯಿ’ ಅನ್ನುತ್ತಿದ್ದರು, ಎದುರಿಗೆ ‘ಬಾಯಾರ’ ಅನ್ನುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು. ಮನೆ ತಿಕೋಟಾದಲ್ಲಿ, ಗಂಡ ಅಲ್ಲಿದ್ದರು. ಇವರು ಹದಿನೆಂಟು ವರ್ಷದಿಂದ ಉಪಕೇಂದ್ರದ ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಆ ಊರಿನ ಶಾಲೆಯಲ್ಲಿ ಕಲಿಯುವ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಹೊಕ್ಕುಳ ಬಳ್ಳಿ ಕತ್ತರಿಸಿದ್ದು ತಾನೇ ಎಂದು ಹೇಳುವಾಗ ಮಾತ್ರ ಅವರ ದನಿಯಲ್ಲಿ ಸ್ವಲ್ಪ ಜಂಬ ಇರುತ್ತಿತ್ತು.

ನಾನು ಇಂಜಿನಿಯರಿಂಗ್ ಮುಗಿಸಿ ವಿಜಯಪುರದ ಒಂದು ಸಣ್ಣ ಕಂಪನಿ ಸೇರಿದ್ದೆ. ಹಳ್ಳಿಯ ಉಪಕೇಂದ್ರದಲ್ಲಿರುವ ರೋಗಿಯನ್ನು ಪಟ್ಟಣದ ಡಾಕ್ಟರು ವಿಡಿಯೋದಲ್ಲಿ ನೋಡಿ ಔಷಧಿ ಹೇಳುವ ಏರ್ಪಾಡೊಂದನ್ನು ನಮ್ಮವರು ನಡೆಸುತ್ತಿದ್ದರು. ಆ ವಿಡಿಯೋ ಚೆನ್ನಾಗಿ ಹೋಗುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಉಪಕೇಂದ್ರದಲ್ಲಿ ಕಿಟಕಿಯ ಹತ್ತಿರ ಮಾತ್ರ ನೆಟ್‌ವರ್ಕ್ ಸಿಗುತ್ತಿದ್ದುದರಿಂದ, ಸಲೈನ್ ಸ್ಟ್ಯಾಂಡಿಗೆ ಒಂದು ಟ್ಯಾಬ್ಲೆಟ್ ಕಟ್ಟಿ ಕಿಟಕಿಗೆ ಆನಿಸಿ ನಿಲ್ಲಿಸಿದ್ದೆ. ಪಕ್ಕದಲ್ಲಿ ನನ್ನ ಲ್ಯಾಪ್‌ಟಾಪ್. ಕಳಿಸುವ ಚಿತ್ರವನ್ನು ಮೂಲ ಚಿತ್ರದೊಂದಿಗೆ ಹೋಲಿಸಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಪ್ರೋಗ್ರಾಂ ಅದರಲ್ಲಿ ಓಡುತ್ತಿತ್ತು.

“ಏನ ತಂಗೆವ್ವಾ, ನಿನ್ನ ಮಷಿನ್ ಮಾರ್ಕ್ಸ್ ಹಾಕತೈತೇನ?” ಎಂದು ಮೊದಲ ದಿನ ಅವರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

“ಹೌದ್ರಿ, ಚಿತ್ರಕ್ಕ.”

“ಎಷ್ಟ ಬಿದ್ದಾವ?”

“ತೊಂಬತ್ಮೂರ್ರಿ.”

“ನನ್ನ ಮಗಾ ಸಾಲಿ ಬಿಡೂತನಾ ಅಷ್ಟ ತಗೋಳಿಲ್ಲವ್ವಾ,” ಎಂದು ನಕ್ಕು ಚಹಾ ಮಾಡಲು ಹೋದರು.

ಅದಕ್ಕೆ ಒಂದು ತಿಂಗಳ ಹಿಂದೆ ಡಾಕ್ಟರು ಚಿತ್ರ ಮಬ್ಬಾಗಿ ಬರುತ್ತದೆ, ಚರ್ಮದ ಮೇಲಿನ ಗುಳ್ಳೆಗೂ ಕಲೆಗೂ ವ್ಯತ್ಯಾಸ ತಿಳಿಯುವುದಿಲ್ಲ ಎಂದು ದೂರಿದ್ದರು. ಹಳ್ಳಿಯ ನೆಟ್‌ವರ್ಕ್ ಹೊರುವಷ್ಟೇ ಭಾರ ಹೊರುತ್ತದೆ. ಚಿತ್ರ ಸ್ಪಷ್ಟವಾಗಬೇಕಾದರೆ ಬೇರೆ ಏನನ್ನಾದರೂ ಕಡಿಮೆ ಮಾಡಬೇಕು. ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಹೋಗುತ್ತಿದ್ದಲ್ಲಿ ನಾನು ಮೂರ್ನಾಲ್ಕಕ್ಕೆ ಇಳಿಸಿದೆ. ನೆಟ್‌ವರ್ಕ್ ಇನ್ನೂ ಕೆಟ್ಟರೆ ಒಂದೇ ಹೋಗಲಿ, ಆದರೆ ಆ ಒಂದು ಚೊಕ್ಕವಾಗಿರಲಿ ಎಂದು ಹೊಂದಿಸಿದೆ. ಜೊತೆಗೆ, ಕ್ಯಾಮೆರಾದಿಂದ ಬರುವ ಸಣ್ಣ ಮಿಣುಕು, ನಡುಕಗಳನ್ನು ಒರೆಸಿ ಹಾಕುವ ಫಿಲ್ಟರ್ ಒಂದನ್ನು ಸೇರಿಸಿದೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ತೀರ ಸಣ್ಣ ವ್ಯತ್ಯಾಸವಿದ್ದರೆ ಏನೂ ಬದಲಾಗಿಲ್ಲ ಎಂದುಕೊಂಡು ಹಳೆಯದನ್ನೇ ಅದು ಮತ್ತೆ ತೋರಿಸುತ್ತಿತ್ತು. ಅಂಕ ಎಪ್ಪತ್ತರಿಂದ ತೊಂಬತ್ತರ ಮೇಲೆ ಹೋಯಿತು. ಬಾಯಿಯೊಳಗಿನ ಹುಣ್ಣೂ ಕಾಣುತ್ತದೆ ಎಂದು ಡಾಕ್ಟರು ಹೊಗಳಿದರು. ನನಗೆ ಹೆಮ್ಮೆಯಾಗಿತ್ತು.

ಆ ಕೂಸು ಬಂದದ್ದು ಒಂದು ಗುರುವಾರ, ಲಸಿಕೆಯ ದಿನ. ಹೊರಗೆ ಕಟ್ಟೆಯ ಮೇಲೆ ಹತ್ತು ಹನ್ನೆರಡು ತಾಯಂದಿರು ಕೂತಿದ್ದರು. ಅವರ ನಡುವಿನಿಂದ ಒಬ್ಬಳು ಎಂಟು ತಿಂಗಳ ಗಂಡು ಕೂಸನ್ನು ಎತ್ತಿಕೊಂಡು ಒಳಗೆ ಬಂದಳು. ಎರಡು ದಿನದಿಂದ ನೆಗಡಿ, ಬೆಳಗಿನಿಂದ ಹಾಲು ಕುಡಿದಿಲ್ಲ ಎಂದಳು. ನರ್ಸಬಾಯಿ ಕೂಸಿನ ಅಂಗಿ ಮೇಲಕ್ಕೆ ಸರಿಸಿ, ತಾಯಿಯ ತೊಡೆಯ ಮೇಲೇ ಮಲಗಿಸಿ, ನನ್ನ ಕಡೆ ತಿರುಗದೆ, “ಒಂದ ನಿಮಿಷ ಆದಕೂಡ್ಲೆ ಹೇಳವ್ವಾ,” ಎಂದರು. ಅವರು ಎಣಿಸುವ ರೀತಿಯೇ ಬೇರೆ ಇತ್ತು. ಗಡಿಯಾರ ನೋಡುತ್ತಿರಲಿಲ್ಲ, ಬಾಯಲ್ಲಿ ಸಂಖ್ಯೆ ಹೇಳುತ್ತಿರಲಿಲ್ಲ. ಕಣ್ಣು ಹೊಟ್ಟೆಯ ಮೇಲೆ, ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ. ಒಂದು ಉಸಿರಿಗೆ ಒಂದು ಗೆಣ್ಣು. ನಾಲ್ಕು ಬೆರಳಿಗೆ ಹನ್ನೆರಡು. ಒಂದು ಸುತ್ತು ಮುಗಿದರೆ ಎಡಗೈಯ ಒಂದು ಬೆರಳು ಮಡಚುತ್ತಿದ್ದರು. ನಾನು ಆಯಿತೆಂದಾಗ ಎಡಗೈ ಪೂರ್ತಿ ಮುಷ್ಟಿಯಾಗಿತ್ತು, ಬಲಗೈಯ ಹೆಬ್ಬೆರಳು ಎರಡನೆಯ ಗೆಣ್ಣಿನ ಮೇಲಿತ್ತು.

“ಅರವತ್ತೆರಡು,” ಎಂದರು. ಆ ವಯಸ್ಸಿನ ಕೂಸಿಗೆ ಐವತ್ತು ಮುಟ್ಟಿದರೇ ಅಪಾಯ ಎಂದು ಆಮೇಲೆ ತಿಳಿದುಕೊಂಡೆ.

ಡಾಕ್ಟರು ಪರದೆಯ ಮೇಲೆ ಬಂದರು. ಒಳ್ಳೆಯ ಮನುಷ್ಯ, ಅವಸರ ಮಾಡುವವರಲ್ಲ. ತಾವೂ ಒಂದು ನಿಮಿಷ ಪೂರ್ತಿ ಕೂತು ಎಣಿಸಿದರು.

“ಸಿಸ್ಟರ್, ನನಗ ನಾಲ್ವತ್ತೆರಡು ಬಂತಲ್ಲ?”

“ಇಲ್ರಿ ಸರ, ಅರವತ್ತೆರಡ ಅದಾವ. ಪಕ್ಕಿನೂ ಒಳಗ ಎಳಿಯಾಕತ್ತೈತಿ ನೋಡ್ರಿ.”

“ನನಗೇನ ಎಳದಂಗ ಕಾಣವಲ್ದು. ವಿಡಿಯೋ ಸರಿ ಐತೇನ್ರಿ, ಮೇಡಂ?”

ಕೇಳಿದ್ದು ನನ್ನನ್ನು. ನಾನು ಕೂಸಿನ ಕಡೆ ನೋಡಲಿಲ್ಲ. ಲ್ಯಾಪ್‌ಟಾಪಿನಲ್ಲಿ ತೊಂಬತ್ತೊಂದು ಇತ್ತು. “ಸರಿ ಐತ್ರಿ ಸರ್, ತೊಂಬತ್ತರ ಮ್ಯಾಲ ಐತಿ,” ಎಂದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ನರ್ಸಬಾಯಿಯ ಕಡೆ ತಿರುಗಿ, “ಬಾಯಾರ, ಕೂಸು ಅಲಗ್ಯಾಡಾಕತ್ತಿತ್ತಲ್ರಿ, ನಿಮ್ಮ ಎಣಿಕಿನ ತಪ್ಪಿರಬೇಕು,” ಎಂದೂ ಸೇರಿಸಿದೆ.

ಅವರು ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ. ಮಡಚಿದ ಎಡಗೈಯನ್ನು ಇನ್ನೂ ಬಿಚ್ಚಿರಲಿಲ್ಲ, ಅಷ್ಟೇ.

ಡಾಕ್ಟರು ಸಿರಪ್ ಹೇಳಿ, ಮನೆಗೆ ಕಳಿಸಿ, ನಾಳೆ ಮತ್ತೆ ತೋರಿಸಿ ಎಂದರು. ಪರದೆ ಆರಿತು. ನರ್ಸಬಾಯಿ ಆಂಬುಲೆನ್ಸಿಗೆ ಫೋನ್ ಮಾಡಿದರು. ಗಾಡಿ ಬೇರೆ ಕಡೆ ಹೋಗಿದೆ, ಒಂದು ತಾಸಾದರೂ ಬೇಕು ಎಂದರಂತೆ. ಅವರು ಹೊರಗೆ ಬಂದು ಕಟ್ಟೆಯ ಮೇಲಿದ್ದವರಿಗೆ ಕೈಮುಗಿದು, “ಇವತ್ತ ಹೋಗ್ರೆವ್ವಾ, ನಾಳಿ ಸೂಜಿ ಮಾಡತೀನಿ,” ಎಂದು ಹೇಳಿ, ವಿಜಯಪುರದ ಆಸ್ಪತ್ರೆಗೆಂದು ರಸ್ತೆಯಲ್ಲಿ ನಿಂತಿದ್ದ ಟಂಟಂ ಆಟೋವನ್ನು ಕೂಗಿದರು. ನನಗೂ ಹತ್ತು ಎಂದರು. ನಿಮಿಷ ಹೇಳಲು ಒಬ್ಬರು ಬೇಕಿತ್ತು.

ಆ ದಾರಿಯಲ್ಲಿ ನಾನು ಮನಸ್ಸಿನಲ್ಲೇ ಎಷ್ಟು ಸಲ ಮತ್ತೆ ಹೋಗಿದ್ದೇನೋ ಲೆಕ್ಕವಿಲ್ಲ. ಟಂಟಂದಲ್ಲಿ ಅವರು ಮೊದಲ ಸಲ ಎಣಿಸಿದಾಗ ಅರವತ್ತೆಂಟು. ಸಾರವಾಡ ಬರುವಾಗಲೂ ಅಷ್ಟೇ. ಸಾರವಾಡ ದಾಟಿದ ಮೇಲೆ ನಲವತ್ತು. ನನಗೆ ಜೀವ ಬಂದಂತಾಯಿತು. “ಇಳೀತಲ್ರಿ ಬಾಯಾರ, ನಾಲ್ವತ್ತಕ್ಕ ಬಂತು,” ಎಂದೆ.

“ಅದು ಇಳಿಯೂದಲ್ಲವ್ವಾ. ಕೂಸು ದಣದೈತಿ.”

ಮುಂದಿನ ನಿಮಿಷ ಪೂರ್ತಿಯಾಗಲಿಲ್ಲ. ಕೂಸಿನ ತುಟಿ ನೀಲಿಗಟ್ಟಿತು, ಹೊಟ್ಟೆ ನಿಂತಿತು. ಅವರು ಅದನ್ನು ತಮ್ಮ ತೊಡೆಗೆ ಎಳೆದುಕೊಂಡು, ಗದ್ದ ಮೇಲೆತ್ತಿ, ಅದರ ಬಾಯಿ ಮೂಗು ಎರಡಕ್ಕೂ ತಮ್ಮ ಬಾಯಿ ಇಟ್ಟು ಊದಿದರು. ಟಂಟಂದವನು ಹಿಂದೆ ತಿರುಗಿ ನಿಲ್ಲಿಸಲೇ ಎಂದು ಕೇಳಿದ. “ನಿಲ್ಲಸಬ್ಯಾಡೋ ಯಪ್ಪಾ, ಓಡಸು,” ಎಂದು ಎರಡು ಊದಿನ ನಡುವೆ ಹೇಳಿದರು. ತಾಯಿ ಅಳಲಿಲ್ಲ. ಕೂಸಿನ ಒಂದು ಪಾದವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದಳು. ನನ್ನ ಫೋನಿನಲ್ಲಿ ಸೆಕೆಂಡುಗಳು ಓಡುತ್ತಲೇ ಇದ್ದವು. ಅದನ್ನು ನಿಲ್ಲಿಸಬೇಕೆಂದೂ ನನಗೆ ಹೊಳೆಯಲಿಲ್ಲ... ವಿಜಯಪುರ ಹತ್ತಿರ ಬರುವಾಗ ಕೂಸು ಒಮ್ಮೆ ಬಿಕ್ಕಿತು. ಮತ್ತೊಮ್ಮೆ ಬಿಕ್ಕಿತು. ಆಸ್ಪತ್ರೆಯ ಬಾಗಿಲಲ್ಲಿ ಯಾರೋ ಅದನ್ನು ಅವರ ಕೈಯಿಂದ ಇಸಿದುಕೊಂಡು ಒಳಗೆ ಓಡಿದರು.

ಕೂಸು ಉಳಿಯಿತು. ಹತ್ತು ದಿನದ ಮೇಲೆ ಮನೆಗೆ ಹೋಯಿತು.

ಆದರೆ ಲಸಿಕೆಗೆಂದು ಬಂದು ತಿರುಗಿ ಹೋದವರಲ್ಲಿ ಯಾರೋ ದೂರು ಕೊಟ್ಟರು. ಆರೋಗ್ಯ ಇಲಾಖೆಯ ಮೇಲಿನ ಕಚೇರಿಯವರು ವಿಚಾರಣೆ ಮಾಡಿದರು. ಡಾಕ್ಟರು ಮನೆಗೆ ಕಳಿಸಿ ಎಂದ ಕೂಸನ್ನು ಕೆಟ್ಟ ರಸ್ತೆಯಲ್ಲಿ, ಧೂಳಿನಲ್ಲಿ, ಟಂಟಂದಲ್ಲಿ ಒಯ್ದದ್ದರಿಂದಲೇ ಅದರ ಸ್ಥಿತಿ ಕೆಟ್ಟಿತು ಎಂಬ ಮಾತು ಬಂತು. ಹೊರಡುವ ಮೊದಲೇ ಕೂಸು ಅಪಾಯದಲ್ಲಿತ್ತು ಎನ್ನುವುದಕ್ಕೆ ನರ್ಸಬಾಯಿಯ ಹತ್ತಿರ ಇದ್ದ ಆಧಾರ ಒಂದೇ, ಆ ಅರವತ್ತೆರಡು. ಡಾಕ್ಟರು ಕಂಡದ್ದು ನಲವತ್ತೆರಡು. ಆದ್ದರಿಂದ ವಿಡಿಯೋ ಹೇಗಿತ್ತು ಎಂದು ನಮ್ಮ ಕಂಪನಿಯನ್ನು ಕೇಳಿದರು. ನಾನು ಅಂದಿನ ಅಂಕಗಳನ್ನು ತೆಗೆದು ನೋಡಿ, ಪ್ರಸಾರದ ಉದ್ದಕ್ಕೂ ಚಿತ್ರದ ಗುಣಮಟ್ಟ ಉತ್ತಮವಾಗಿತ್ತು ಎಂದು ಎರಡು ಸಾಲು ಬರೆದು ಸಹಿ ಮಾಡಿದೆ. ಸುಳ್ಳು ಬರೆಯುತ್ತಿದ್ದೇನೆ ಎಂದು ನನಗೆ ಅನಿಸಿರಲಿಲ್ಲ. ನರ್ಸಬಾಯಿಯ ಸೇವಾ ಪುಸ್ತಕದಲ್ಲಿ ತಪ್ಪು ಎಣಿಕೆ ಎಂದು ಒಂದು ಟಿಪ್ಪಣಿ ಬಿತ್ತು. ಅವರನ್ನು ತಿಕೋಟಾ ಕಡೆಯ ಒಂದು ಉಪಕೇಂದ್ರಕ್ಕೆ ವರ್ಗ ಮಾಡಿದರು. ಮನೆ ಹತ್ತಿರವಾಯಿತಲ್ಲ, ಒಳ್ಳೆಯದೇ ಆಯಿತು ಎಂದು ಜನ ಅಂದರು. ನಾನೂ ಹಾಗೆಯೇ ಅಂದುಕೊಂಡೆ.

ಒಂದು ತಿಂಗಳ ಮೇಲೆ ಆ ಟ್ಯಾಬ್ಲೆಟ್ ರಿಪೇರಿಗೆ ನನ್ನ ಮೇಜಿಗೆ ಬಂತು. ಅದರಲ್ಲಿ ಅಂದಿನ ಮೂಲ ವಿಡಿಯೋ ಹಾಗೇ ಉಳಿದಿತ್ತು. ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗೆ ಹೋದಾಗ ಅದನ್ನು ಹಾಕಿ, ಹೆಬ್ಬೆರಳನ್ನು ಗೆಣ್ಣಿನ ಮೇಲೆ ಇಟ್ಟು ಎಣಿಸಿದೆ. ಅರವತ್ತೆರಡು. ಅದೇ ನಿಮಿಷದಲ್ಲಿ ಡಾಕ್ಟರಿಗೆ ಹೋಗಿದ್ದ, ನಮ್ಮಲ್ಲಿ ಉಳಿದಿದ್ದ ವಿಡಿಯೋ ಹಾಕಿ ಎಣಿಸಿದೆ. ನಲವತ್ತೆರಡು. ಇಬ್ಬರೂ ತಮಗೆ ಕಂಡದ್ದನ್ನು ಸರಿಯಾಗಿಯೇ ಎಣಿಸಿದ್ದರು.

ಚಿತ್ರಗಳನ್ನು ಬಿಡಿಬಿಡಿಯಾಗಿ ನಿಲ್ಲಿಸಿ ನೋಡಿದೆ. ಒಂದೊಂದೂ ಕನ್ನಡಿಯ ಹಾಗೆ ಚೊಕ್ಕವಾಗಿತ್ತು. ಆದರೆ ಉಸಿರು ಇರುವುದು ಒಂದು ಚಿತ್ರದಲ್ಲಲ್ಲ, ಎರಡು ಚಿತ್ರಗಳ ನಡುವಿನ ವ್ಯತ್ಯಾಸದಲ್ಲಿ. ಆಳವಾದ ಉಸಿರುಗಳು ದಾಟಿ ಹೋಗಿದ್ದವು. ದಣಿದ ಕೂಸಿನ ತೇಲು ಉಸಿರನ್ನು ನನ್ನ ಫಿಲ್ಟರ್ ಕ್ಯಾಮೆರಾದ ನಡುಕವೆಂದು ಒರೆಸಿತ್ತು. ಮತ್ತೆ ಕೆಲವು, ನಾನು ಕಡಿಮೆ ಮಾಡಿದ ಚಿತ್ರಗಳ ಸಂದಿನಲ್ಲಿ ಬಿದ್ದು ಹೋಗಿದ್ದವು. ಅಂಕ ಹಾಕುವ ಪ್ರೋಗ್ರಾಂ ಕಳಿಸಿದ ಚಿತ್ರವನ್ನಷ್ಟೇ ಹೋಲಿಸುತ್ತಿತ್ತು, ಕಳಿಸದೆ ಬಿಟ್ಟದ್ದನ್ನು ಕೇಳುತ್ತಲೇ ಇರಲಿಲ್ಲ.

ಅದೇ ವಾರ ಎಲ್ಲ ಕೇಂದ್ರಗಳಲ್ಲೂ ಫಿಲ್ಟರ್ ತೆಗೆದೆ. ಸೆಕೆಂಡಿಗೆ ಹದಿನೈದು ಚಿತ್ರಕ್ಕಿಂತ ಕಡಿಮೆಯಾಗದಂತೆ, ಬೇಕಾದರೆ ಚಿತ್ರ ಮಬ್ಬಾಗುವಂತೆ ಮಾಡಿದೆ. ಅಂಕ ಮತ್ತೆ ಎಪ್ಪತ್ತಕ್ಕೆ ಬಂತು. ಕಂಪನಿಯ ಮಾಲೀಕರಿಗೆ ಕಾರಣ ಹೇಳಿ, ಇಲಾಖೆಯ ಕಚೇರಿಗೆ ತಿದ್ದುಪಡಿ ಬರೆಯೋಣವೇ ಎಂದು ಕೇಳಿದೆ. “ಸರಿ ಮಾಡಿದಿಯಲ್ಲ, ಮುಗೀತು. ಮುಗದಿದ್ದನ್ನ ಯಾಕ ಕೆದಕತಿ?” ಎಂದರು. ನಾನು ಸುಮ್ಮನಾದೆ. ಅವರು ಗದರಲಿಲ್ಲ, ಹೆದರಿಸಲೂ ಇಲ್ಲ. ಸುಮ್ಮನಾಗಲು ನನಗೆ ಅಷ್ಟು ಸಾಕಾಗಿತ್ತು ಎನ್ನುವುದೇ ಈಗ ಚುಚ್ಚುತ್ತದೆ.

ಮರುವರ್ಷ ಕೆಲಸದ ಮೇಲೆ ತಿಕೋಟಾ ಕಡೆ ಹೋದಾಗ ಅವರ ಉಪಕೇಂದ್ರಕ್ಕೇ ಹೋಗಬೇಕಾಯಿತು. ಅವರು ಕುರ್ಚಿ ಒರೆಸಿ ಕೂರಿಸಿದರು. ಪಕ್ಕದ ತೋಟದವರು ಕೊಟ್ಟದ್ದು ಎಂದು ಒಂದು ಮುಷ್ಟಿ ಒಣದ್ರಾಕ್ಷಿ ನನ್ನ ಕೈಗೆ ಹಾಕಿದರು. ನಾನು ಟ್ಯಾಬ್ಲೆಟ್ ಹೊಂದಿಸುವುದನ್ನು ನೋಡುತ್ತ ಮೆಲ್ಲಗೆ ಕೇಳಿದರು.

“ಈಗ ಉಸರ ಕಾಣತಾವೇನ ತಂಗೆವ್ವಾ?”

“ಕಾಣತಾವ್ರಿ.”

“ಆತು ಬಿಡು, ಚಲೋ ಆತು.”

ಅವರಿಗೆ ಎಲ್ಲ ಗೊತ್ತಿತ್ತೋ, ಸುಮ್ಮನೆ ಕೇಳಿದರೋ. ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಯಾರೋ ಗರ್ಭಿಣಿ ಒಳಗೆ ಬಂದಳು, ಅವರು ಎದ್ದು ಹೋದರು. ಇನ್ನೊಮ್ಮೆ ಬಂದಾಗ ಹೇಳಿದರಾಯಿತು ಎಂದುಕೊಂಡು ಬಸ್ಸು ಹತ್ತಿದೆ.

ಹೋದ ವರ್ಷ, ನಿವೃತ್ತಿಗೆ ಕೆಲವೇ ತಿಂಗಳು ಇರುವಾಗ, ಅವರು ಎದೆನೋವಿನಿಂದ ತೀರಿಕೊಂಡರು. ಹಳೆಯ ಹಳ್ಳಿಯ ಆಶಾ ಕಾರ್ಯಕರ್ತೆ ಬೇರೆ ಏನೋ ಕೇಳಲು ಫೋನ್ ಮಾಡಿದಾಗ, ಮಾತಿನ ನಡುವೆ ಹೇಳಿದಳು.

ಕೆಳಗಿನ ಮನೆಯ ಹೊಗೆ ಮೇಲೆ ಬರತೊಡಗಿದ ವಾರವೇ ಕೂತು ತಿದ್ದುಪಡಿ ಬರೆದೆ. ಎರಡೂ ವಿಡಿಯೋಗಳನ್ನು ಜೊತೆಗಿಟ್ಟು, ತಪ್ಪು ಯಾವುದು, ಯಾರದು ಎಂದು ಬಿಡಿಸಿ ಬರೆದು, ಸಹಿ ಮಾಡಿ, ತಿಕೋಟಾದ ಅವರ ಮನೆಗೆ ಒಯ್ದೆ. ಅವರ ಗಂಡ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಮಡಚಿ ನನ್ನ ಕೈಗೇ ತಿರುಗಿ ಕೊಟ್ಟರು.

“ಯವ್ವಾ, ಆಕಿ ತಪ್ಪ ಎಣಿಸ್ಯಾಳಂತ ಈ ಮನ್ಯಾಗ ಯಾರೂ ಅಂದಿಲ್ಲ. ಎಲ್ಲಿ ಅಂದಾರೋ ಅಲ್ಲಿ ಕೊಡು.”

ಮೊನ್ನೆ ಸೋಮವಾರ ಇಲಾಖೆಯ ಕಚೇರಿಗೆ ಹೋಗಿ ಕೊಟ್ಟೆ. ಗುಮಾಸ್ತರು ಹೆಸರು ಓದಿ, “ಅವರು ತೀರಿಕೊಂಡಾರಲ್ರಿ, ಇನ್ನ ಯಾರ ಸಲುವಾಗಿ ಇದು?” ಎಂದರು. ಅವರ ಸಲುವಾಗಿಯೇ ಎಂದೆ. ಮುದ್ರೆ ಹೊಡೆದು, ಒಂದು ಪ್ರತಿ ನನಗೆ ಕೊಟ್ಟು, ಫೈಲು ಸಿಕ್ಕರೆ ಸೇರಿಸುತ್ತೇವೆ ಎಂದರು. ಸೇರಿಸಬಹುದು. ಆ ಟಿಪ್ಪಣಿಯ ಪಕ್ಕದಲ್ಲಿ ಮುಂದೊಂದು ದಿನ ನನ್ನ ಕಾಗದವೂ ಇರಬಹುದು.

ಆದರೆ ಅವರ ಎಣಿಕೆ ತಪ್ಪು ಎಂದು ಮೊದಲು ಅಂದದ್ದು ಕಚೇರಿಯವರಲ್ಲ. ಅಂದವಳು ನಾನು, ಆ ಕಿಟಕಿಯ ಪಕ್ಕದಲ್ಲಿ, ಕೂಸಿನ ತಾಯಿಯ ಎದುರಿಗೆ, ಅವರ ಮುಖ ನೋಡಿಕೊಂಡು. ಅಲ್ಲಿ ಈಗ ಬೇರೆ ನರ್ಸು ಇದ್ದಾರೆ. ಚಿಕ್ಕ ಹುಡುಗಿ, ಫೋನಿನಲ್ಲಿ ಗಡಿಯಾರ ಇಟ್ಟುಕೊಂಡು ಎಣಿಸುತ್ತಾಳಂತೆ.