ಅಪ್ಪ ಕೂರಿಸಿದ ಕಲ್ಲು

ಐದು ಸಾವಿರ ವರ್ಷದಷ್ಟು ಹಳೆಯ ಗೋರಿಯೊಂದನ್ನು ನಮ್ಮಪ್ಪ ಕಳೆದ ತಿಂಗಳು ರಿಪೇರಿ ಮಾಡಿದರು.

(ಯಾರೂ ಕರೆದಿರಲಿಲ್ಲ.)

ನಗಬೇಡಿ. ಪೂರ್ತಿ ಕೇಳಿ.

ಅಪ್ಪ ವಿಸಿಟ್ ವೀಸಾದಲ್ಲಿ ಮಸ್ಕತ್‌ಗೆ ಬಂದು ಮೂರು ವಾರವಾಗಿತ್ತು. ಶಿರಾ ಕಡೆಯ ಹಳ್ಳಿಯವರು. ಜೀವಮಾನವೆಲ್ಲ ಬಾವಿಗಳ ಒಳಗಿಳಿದು ಸುತ್ತ ಕಲ್ಲು ಕಟ್ಟಿದವರು. ಅವರ ಮಗ ನಾನು ಬಿ.ಇ. ಸಿವಿಲ್. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು. (ಇದನ್ನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ! ಇನ್ನೂ ಬರೆಯುತ್ತೇನೆ. ಸುಮ್ಮನೆ ಸಿಕ್ಕಿದ್ದಲ್ಲ ಅದು.)

ವಾದಿ ಕಬೀರ್‌ನ ನಮ್ಮ ಫ್ಲ್ಯಾಟಿನಲ್ಲಿ ಅಪ್ಪನಿಗೆ ಹೊತ್ತು ಹೋಗುತ್ತಿರಲಿಲ್ಲ. ಮೊಮ್ಮಗಳ ಇಂಗ್ಲಿಷು ಅವರಿಗೆ ತಿಳಿಯದು, ಅವರ ಕನ್ನಡ ಅವಳಿಗೆ ತಿಳಿಯದು. ದಿನವಿಡೀ ಬಾಲ್ಕನಿಯಲ್ಲಿ ಕೂತು ಎದುರಿನ ಗ್ಯಾರೇಜುಗಳನ್ನು ನೋಡುತ್ತಿದ್ದರು.

ನನಗೋ ಹಳೇ ಕಲ್ಲುಗಳ ಹುಚ್ಚು. ಆಫೀಸ್ ಕಂಪ್ಯೂಟರಿನ ವಾಲ್‌ಪೇಪರ್ ಕೂಡ ಮಾಯಾ ಜನರ ಪಿರಮಿಡ್. ಒಂದಲ್ಲ ಒಂದು ದಿನ ಬ್ಯಾಕ್‌ಪ್ಯಾಕ್ ಏರಿಸಿಕೊಂಡು ಮೆಕ್ಸಿಕೋಗೆ ಹೋಗಿಬಿಡುತ್ತೇನೆ ಎಂದು ಹೆಂಡತಿಯನ್ನು ಹೆದರಿಸುತ್ತಿರುತ್ತೇನೆ. ಮೆಕ್ಸಿಕೋ ಎಲ್ಲಿ, ನಮ್ಮ ಕಫೀಲ್ (ವೀಸಾ ಕೊಡಿಸಿದ ಒಮಾನಿ ಮಾಲೀಕ) ಕೊಡುವ ರಜೆ ಎಲ್ಲಿ? ಸದ್ಯಕ್ಕೆ ಒಮಾನಿನ ಕಲ್ಲುಗಳೇ ಗತಿ. ಒಂದು ಗುರುವಾರ, ವಾರದ ರಜೆ, ಅಪ್ಪನನ್ನೂ ಹೊರಡಿಸಿದೆ. ಮಸ್ಕತ್‌ನ ರೂವಿಯಿಂದ ಇಬ್ರಿಗೆ ಬಸ್ಸು, ಅಲ್ಲಿಂದ ಬಾತ್ ಎಂಬ ಊರಿಗೆ ಟ್ಯಾಕ್ಸಿ. ಬೆನ್ನ ಮೇಲಿನ ಬ್ಯಾಗಿನಲ್ಲಿ ಚಪಾತಿ, ನೀರು, ಡಿಜಿಟಲ್ ಕ್ಯಾಮೆರಾ.

"ಹೆಣ ಹೂತಿರೋ ಜಾಗ ನೋಡಕ್ಕೆ ಯಾರಾದ್ರೂ ಟ್ಯಾಕ್ಸಿ ಮಾಡ್ಕಂಡು ಹೋಗ್ತಾರೇನ್ಲಾ?" ಅಪ್ಪ ದಾರಿಯುದ್ದಕ್ಕೂ ಛೇಡಿಸಿದರು. "ನಮ್ಮೂರಾಗೆ ನಡ್ಕಂಡೇ ಹೋಗಿ ನೋಡ್ಬೌದಿತ್ತು."

ದಿಬ್ಬದ ಮೇಲೆ ಜೇನುಗೂಡಿನಂತೆ ದುಂಡಗಿನ ಗೋರಿಗಳು. ಗಾರೆ ಇಲ್ಲ, ಮಣ್ಣಿಲ್ಲ. ಕಲ್ಲಿನ ಮೇಲೆ ಕಲ್ಲು, ಅಷ್ಟೇ. ಬಹಳಷ್ಟು ಕುಸಿದಿವೆ. ಆಚೆ ತುದಿಯಲ್ಲಿ ಒಬ್ಬ ಬಿಳಿಯ, ಸಂಶೋಧಕ ಇರಬೇಕು, ಟೇಪು ಹಿಡಿದು ಅಳೆಯುತ್ತಿದ್ದ.

ಅಪ್ಪ ಚಪ್ಪಲಿ ಬಿಟ್ಟು ಒಂದು ಗೋರಿಗೆ ಸುತ್ತು ಬಂದರು. ಗೋಡೆಯ ಮೇಲೆ ಅಂಗೈ ಇಟ್ಟರು. ಮೂರು ವಾರದಲ್ಲಿ ಮೊದಲ ಸಲ ಮುಖ ಅರಳಿತು.

"ಇದು ಬಾವಿ ಕಣ್ಲಾ! ನಾವು ನೆಲದೊಳಗೆ ಕಟ್ತೀವಿ, ಇವ್ರು ನೆಲದ ಮ್ಯಾಲೆ ಎಬ್ಬಿಸವ್ರೆ. ನೋಡಿಲ್ಲಿ, ಒಂದೊಂದು ಸುತ್ತೂ ಒಂದು ಬೆರಳು ಒಳಕ್ಕೆ ಸರಿಸ್ಕಂಡು ಹೋಗವ್ರೆ. ಕೈ ಇತ್ತು ಕಣ್ಲಾ ಇವ್ರಿಗೆ."

ನಾನು ಫೋಟೊ ತೆಗೆಯುತ್ತಿದ್ದೆ. "ಹೂಂ" ಅಂದೆ.

ತಿರುಗಿ ನೋಡಿದರೆ ಅಪ್ಪ ಕೆಳಗೆ ಬಿದ್ದಿದ್ದ ಕಲ್ಲೊಂದನ್ನು ಎತ್ತಿದ್ದಾರೆ. ಎರಡು ಸಲ ಹೊರಳಿಸಿದರು. ಗೋಡೆಯ ಖಾಲಿ ಜಾಗಕ್ಕೆ ಇಟ್ಟು ಅಂಗೈಯಲ್ಲಿ ತಟ್ಟಿದರು. ಟಕ್. ಕೂತುಬಿಟ್ಟಿತು.

"ನೋ! ನೋ! ಡೋಂಟ್ ಟಚ್!"

ಬಿಳಿಯ ಓಡಿ ಬಂದ. ಬಿದ್ದ ಕಲ್ಲು ಬಿದ್ದಲ್ಲೇ ಇರಬೇಕು, ಅದು ಎಲ್ಲಿ ಬಿದ್ದಿದೆ ಅನ್ನುವುದೂ ಒಂದು ಸಾಕ್ಷಿ ಎಂದು ಕೂಗಾಡಿದ. ಅವನು ಹೇಳಿದ್ದು ಸರಿಯೇ. ತಪ್ಪು ನಮ್ಮದೇ.

ಆದರೆ ನಾನು ಏನಂದೆ?

"ಸಾರಿ ಸರ್. ಹೀ ಈಸ್ ಇಲ್ಲಿಟರೇಟ್. ಹೀ ಡಸಂಟ್ ನೋ."

ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಬರುವುದು ಒಂದೇ ಒಂದು ಪದ. ಹೈಸ್ಕೂಲಿನಿಂದ ಇಂಜಿನಿಯರಿಂಗ್‌ವರೆಗೆ ಪ್ರತಿ ವರ್ಷ ನನ್ನ ಸ್ಕಾಲರ್‌ಶಿಪ್ ಫಾರಂ ತುಂಬುವಾಗ ಗುಮಾಸ್ತರು "ಫಾದರ್, ಇಲ್ಲಿಟರೇಟ್" ಎಂದು ಜೋರಾಗಿ ಹೇಳಿಕೊಂಡೇ ಬರೆಯುತ್ತಿದ್ದರು. ಆಮೇಲೆ ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದರು. ಹಾಗಂದ್ರೇನು ಎಂದು ಒಮ್ಮೆ ಕೇಳಿದ್ದರು. ಅರ್ಥ ಹೇಳಿದವನು ನಾನೇ.

ಅಪ್ಪ ಗೋಡೆಯ ಕಡೆ ತಿರುಗಿದರು. ಕಲ್ಲನ್ನು ಎಳೆದು ತೆಗೆದರು. ಅದು ಸಲೀಸಾಗಿ ಬರಲಿಲ್ಲ. ಎಲ್ಲಿಂದ ಎತ್ತಿದ್ದರೋ ಅದೇ ಗುರುತಿನ ಮೇಲೆ ಇಟ್ಟರು.

ಬಿಳಿಯ ಈಗ ಬಗ್ಗಿ ಕಲ್ಲಿನ ಅಂಚು ನೋಡಿದ. ಗೋಡೆ ನೋಡಿದ. ಮತ್ತೆ ಕಲ್ಲು ನೋಡಿದ. ದನಿ ಮೆತ್ತಗಾಯಿತು. ಇದು ಇಲ್ಲಿಯದೇ ಕಲ್ಲು ಅಂತ ಇವರಿಗೆ ಹೇಗೆ ಗೊತ್ತಾಯಿತು, ದಯವಿಟ್ಟು ಕೇಳಿ ಹೇಳುತ್ತೀರಾ ಅಂದ.

ನಾನು ಸಿವಿಲ್ ಇಂಜಿನಿಯರ್. ನನಗೆ ಗೊತ್ತಿರಲಿಲ್ಲ.

"ಅಪ್ಪಾ, ಆ ಕಲ್ಲು ಅಲ್ಲೀದೇ ಅಂತ ಹೆಂಗೆ ಗೊತ್ತಾಯ್ತು ಅಂತ ಕೇಳ್ತಾವ್ರೆ."

ಅಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ತಲೆ ಎತ್ತಲಿಲ್ಲ.

"ನಂಗೇನು ಗೊತ್ತಪ್ಪಾ? ಓದಿಲ್ದೋನು ನಾನು. ಹಂಗೇ ಹೇಳು ಅವ್ರಿಗೆ."

ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಲಿ? "ಹೀ ಈಸ್ ಟೈರ್ಡ್" ಅಂದೆ.

ಬಸ್ಸಿನಲ್ಲಿ ಅಪ್ಪ ಚಪಾತಿ ಮುಟ್ಟಲಿಲ್ಲ. ಮನೆಗೆ ಬಂದ ಮೇಲೂ ಅಷ್ಟೇ. ಲಿಫ್ಟಿನ ಬಟನ್ ಒತ್ತುವ ಮೊದಲು ನನ್ನ ಮುಖ ನೋಡುವರು. "ಒತ್ತಬೌದೇನಪ್ಪಾ?" ಟಿವಿ ರಿಮೋಟು, ಫ್ರಿಜ್ಜಿನ ಬಾಗಿಲು, ಮೊಮ್ಮಗಳ ಆಟದ ಸಾಮಾನು. "ಮುಟ್ಟಬೌದೇನಪ್ಪಾ?" ಸಿಟ್ಟಿನಿಂದ ಕೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅವರು ನಿಜವಾಗಿಯೇ ಕೇಳುತ್ತಿದ್ದರು. ಆ ಗುರುವಾರದ ನಂತರ ನನ್ನನ್ನು ಒಮ್ಮೆಯೂ "ಲಾ" ಅನ್ನಲಿಲ್ಲ.

ನಮ್ಮಂಥವರ ಕಥೆಯೇ ಇಷ್ಟು. ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ಅಪ್ಪ-ಅಮ್ಮನ ಮುಂದೆ ಅಡ್ಡ ನಿಂತು ಮೊದಲು ಹೇಳುವ ಮಾತು "ಸಾರಿ, ಅವರಿಗೆ ಗೊತ್ತಾಗಲ್ಲ". ಅವರನ್ನು ಕಾಪಾಡಿದೆವು ಅಂದುಕೊಳ್ಳುತ್ತೇವೆ. ಸುಳ್ಳು. ಕಾಪಾಡಿಕೊಳ್ಳುವುದು ನಮ್ಮ ಶರ್ಟಿನ ಇಸ್ತ್ರಿಯನ್ನು.

ಮೊನ್ನೆ ವೀಸಾ ಮುಗಿಯಿತು. ಸೀಬ್ ಏರ್‌ಪೋರ್ಟಿನಲ್ಲಿ ಅಪ್ಪನ ಕೈ ಹಿಡಿದುಕೊಂಡು ಏನೋ ಹೇಳಬೇಕೆಂದು ಬಾಯಿ ತೆರೆದೆ. "ಪಾಸ್‌ಪೋರ್ಟ್ ಒಳಜೇಬಲ್ಲಿ ಇಟ್ಕೊಳಪ್ಪ" ಎಂಬ ಮಾತು ಬಂತು. ಆಯಿತು ಎಂದು ತಲೆಯಾಡಿಸಿ ಒಳಗೆ ನಡೆದರು.

ನಿಮ್ಮ ಮನೆಯಲ್ಲೂ ನೀವೇ ಮೊದಲು ಓದಿದವರಾ? ಹಾಗಾದರೆ ಅಪ್ಪನ ಪರವಾಗಿ ಎಷ್ಟೋ ಜನರ ಹತ್ತಿರ ಸಾರಿ ಕೇಳಿರುತ್ತೀರಿ. ಅಪ್ಪನ ಹತ್ತಿರ?